ಅಧ್ಯಕ್ಷರು ಎದ್ದು ಹೋದರೆ ಸಭೆ ಮುಗಿದಂತೆಯೇ?

ಪ್ರಶ್ನೆ: ನಮ್ಮದು ನೋಂದಾಯಿತ ಸಾಂಸ್ಕೃತಿಕ ಸಂಘ. 240 ಸದಸ್ಯರಿದ್ದೇವೆ. ಈ ಸಲದ ವಾರ್ಷಿಕ ಮಹಾಸಭೆಗೆ 112 ಮಂದಿ ಬಂದಿದ್ದರು. ನಮ್ಮ ಬೈಲಾ ಪ್ರಕಾರ ಮೂರನೇ ಒಂದು ಭಾಗದಷ್ಟು ಸದಸ್ಯರಿದ್ದರೆ ಕೋರಂ. ಲೆಕ್ಕಪತ್ರದ ವಿಷಯ ಬಂದಾಗ ಸಭಾಭವನದ ದುರಸ್ತಿ ಖರ್ಚಿನ ರಸೀದಿ ತೋರಿಸಿ ಎಂದು ಕೆಲವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ಅಧ್ಯಕ್ಷರು ‘ಸಭೆ ಬರಖಾಸ್ತಾಗಿದೆ’ ಎಂದು ಘೋಷಿಸಿ ಎದ್ದುಹೋದರು. ಕಾರ್ಯದರ್ಶಿಗಳು ನಡಾವಳಿ ಪುಸ್ತಕವನ್ನೂ ತೆಗೆದುಕೊಂಡು ಅವರ ಹಿಂದೆಯೇ ಹೋದರು. ಉಳಿದ 86 ಮಂದಿ ಹಿರಿಯ ಸದಸ್ಯರೊಬ್ಬರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿ, ಲೆಕ್ಕ ಪರಿಶೀಲನೆಗೆ ಮೂವರ ಸಮಿತಿ ನೇಮಿಸಿದೆವು. ಅಧ್ಯಕ್ಷರ ಮೇಲೆ ಅವಿಶ್ವಾಸ ಠರಾವನ್ನೂ ಪಾಸು ಮಾಡಿದೆವು. ‘ನಾನು ಮುಗಿಸಿದ ಮೇಲೆ ನಡೆದದ್ದು ಸಭೆಯೇ ಅಲ್ಲ’ ಎಂದು ಅವರು ಈಗ ಹೇಳುತ್ತಿದ್ದಾರೆ. ಯಾರದ್ದು ಸರಿ?
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ನೀವು ಮಾಡಿದ ಎರಡು ಠರಾವುಗಳಲ್ಲಿ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ನಿಲ್ಲುವುದಿಲ್ಲ. ಸಭೆ ಸಭೆಯೇ ಅಲ್ಲ ಎಂಬ ಅಧ್ಯಕ್ಷರ ಮಾತು ತಪ್ಪು. ಆದರೆ ಆ ಸಭೆಯಲ್ಲಿ ಏನನ್ನು ಬೇಕಾದರೂ ತೀರ್ಮಾನಿಸಬಹುದು ಎಂದು ನೀವು ತಿಳಿದದ್ದೂ ಸರಿಯಲ್ಲ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂಥ ಜಗಳ ನಿಮ್ಮ ಸಂಘದ್ದು ಮಾತ್ರವಲ್ಲ. ಹಾಲಿನ ಡೇರಿ, ಅಪಾರ್ಟ್‌ಮೆಂಟ್ ಸಂಘ, ದೇವಸ್ಥಾನದ ಟ್ರಸ್ಟು, ಹಳೆ ವಿದ್ಯಾರ್ಥಿ ಸಂಘ, ಎಲ್ಲ ಕಡೆಯೂ ಮಹಾಸಭೆ ಮುರಿದುಬೀಳುವುದು ಹೆಚ್ಚುಕಡಿಮೆ ಹೀಗೆಯೇ.

ಮೊದಲು ಕಾನೂನು ಎಲ್ಲಿದೆ ಎಂದು ನೋಡೋಣ. ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಬರುತ್ತದೆ. ಆ ಕಾಯ್ದೆ ವರ್ಷಕ್ಕೊಂದು ಮಹಾಸಭೆ ನಡೆಸಲೇಬೇಕು ಎನ್ನುತ್ತದೆ. ಆದರೆ ಸಭೆಯೊಳಗೆ ಯಾರು ಯಾವಾಗ ಮಾತಾಡಬೇಕು, ಅಧ್ಯಕ್ಷರು ಯಾವಾಗ ಸಭೆ ಮುಂದೂಡಬಹುದು ಎಂಬುದನ್ನೆಲ್ಲ ಹೆಚ್ಚಾಗಿ ನಿಮ್ಮ ಬೈಲಾಗೇ ಬಿಟ್ಟಿದೆ. ಬೈಲಾ ಬರೆದವರು ಸಾಮಾನ್ಯವಾಗಿ ಯಾವುದೋ ಹಳೆಯ ಮಾದರಿಯನ್ನು ನಕಲು ಮಾಡಿರುತ್ತಾರೆ. ಅದರಲ್ಲಿ ಅಧ್ಯಕ್ಷರು ‘ಸಭೆಯ ಅಧ್ಯಕ್ಷತೆ ವಹಿಸತಕ್ಕದ್ದು’ ಎಂಬ ಒಂದೇ ಸಾಲು ಇರುತ್ತದೆ. ಬೈಲಾ ಸುಮ್ಮನಿದ್ದಲ್ಲಿ ಕೋರ್ಟುಗಳು ನೂರೈವತ್ತು ವರ್ಷಗಳಿಂದ ಕಟ್ಟಿಕೊಂಡು ಬಂದಿರುವ ಸಭಾ ನಿಯಮಗಳು ಅನ್ವಯವಾಗುತ್ತವೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿ.

1894ರಲ್ಲಿ ಇಂಗ್ಲೆಂಡಿನಲ್ಲಿ ನಿಮ್ಮ ಸಭೆಯಲ್ಲಿ ಆದದ್ದೇ ಒಂದು ಕಂಪನಿಯ ಸಭೆಯಲ್ಲಿ ಆಯಿತು. ನ್ಯಾಷನಲ್ ಡ್ವೆಲಿಂಗ್ಸ್ ಸೊಸೈಟಿ ಎಂಬ ಕಂಪನಿಯ ಷೇರುದಾರರ ಸಭೆ. ಅಧ್ಯಕ್ಷ ಸೈಕ್ಸ್, ಕೆಲಸ ಬಾಕಿ ಇರುವಾಗಲೇ ಸಭೆ ಮುಗಿಯಿತೆಂದು ಘೋಷಿಸಿ ಹೊರನಡೆದ. ಉಳಿದವರು ಬೇರೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಂಡು ಸಭೆ ಮುಂದುವರಿಸಿದರು. ಪ್ರಕರಣ ನ್ಯಾಯಮೂರ್ತಿ ಚಿಟ್ಟಿ ಅವರ ಮುಂದೆ ಬಂತು. ಅವರು ಕೊಟ್ಟ ತೀರ್ಪಿನ ಸಾರ ಇದು: ಸಭೆಯಲ್ಲಿ ಶಿಸ್ತು ಕಾಯುವುದು, ಕಲಾಪ ಕ್ರಮವಾಗಿ ನಡೆಯುವಂತೆ ನೋಡಿಕೊಳ್ಳುವುದು, ಮುಂದಿರುವ ವಿಷಯದ ಮೇಲೆ ಸಭೆಯ ಅಭಿಪ್ರಾಯ ಏನೆಂದು ಸರಿಯಾಗಿ ಕಂಡುಕೊಳ್ಳುವುದು ಅಧ್ಯಕ್ಷರ ಕೆಲಸ. ತಮಗೆ ತೋಚಿದಾಗ ಸಭೆಯನ್ನು ನಿಲ್ಲಿಸುವ ಅಧಿಕಾರ ಅವರಿಗಿಲ್ಲ. ಹಾಗೆ ಮಾಡಿ ಕುರ್ಚಿ ಬಿಟ್ಟುಹೋದರೆ, ಸಭೆ ಬೇರೊಬ್ಬ ಅಧ್ಯಕ್ಷರನ್ನು ಆರಿಸಿಕೊಂಡು ತನ್ನ ಕೆಲಸ ಮುಂದುವರಿಸಬಹುದು.

ಅಧ್ಯಕ್ಷರ ಅಧಿಕಾರ ಎನ್ನುವುದು ಸಭೆ ಕೊಟ್ಟದ್ದು. ಸಭೆಯ ಹೆಸರಿನಲ್ಲಿ, ಸಭೆಯ ಪರವಾಗಿ ಅವರು ಅದನ್ನು ಚಲಾಯಿಸುತ್ತಾರೆ. ನಮ್ಮ ಊರುಗಳಲ್ಲಿ ಇದು ತಿರುಗಾಮುರುಗಾ ಆಗಿರುವುದೇ ನನ್ನ ದೊಡ್ಡ ಸಂಕಟ. ಸದಸ್ಯರು ಮಾತಾಡಲು ಅಧ್ಯಕ್ಷರ ‘ಅಪ್ಪಣೆ’ ಬೇಡುತ್ತಾರೆ, ಪ್ರಶ್ನೆ ಕೇಳಿದವರನ್ನು ಸಂಘದ ವಿರೋಧಿಗಳಂತೆ ನೋಡಲಾಗುತ್ತದೆ. ರಸೀದಿ ತೋರಿಸಿ ಎಂದು ಕೇಳುವುದಕ್ಕೆ ಮಹಾಸಭೆಗಿಂತ ಯೋಗ್ಯ ಜಾಗ ಇನ್ನೊಂದಿಲ್ಲ. ಲೆಕ್ಕಪತ್ರ ಮಂಡನೆ ಎಂದು ಕಾರ್ಯಸೂಚಿಯಲ್ಲಿ ಹಾಕುವುದೇ ಸದಸ್ಯರು ಅದನ್ನು ಪ್ರಶ್ನಿಸಲಿ ಎಂದು.

ಅಧ್ಯಕ್ಷರ ಬಳಿ ಒಂದು ವಾದ ಉಳಿದಿದೆ: ‘ಗಲಾಟೆ ಆಗುತ್ತಿತ್ತು, ಅದಕ್ಕೇ ನಿಲ್ಲಿಸಿದೆ.’ ಇದನ್ನು ತಳ್ಳಿಹಾಕುವಂತಿಲ್ಲ. ಸಭೆ ನಡೆಸಲಾಗದಷ್ಟು ಗದ್ದಲ ಎದ್ದರೆ ಮುಂದೂಡುವ ಅಧಿಕಾರ ಅಧ್ಯಕ್ಷರಿಗೆ ಸ್ವಭಾವತಃ ಇದೆ. 1969ರಲ್ಲಿ ಬ್ರಿಟನ್ನಿನ ಪೆಂಬ್ರೋಕ್‌ಷೈರಿನ ಲೇಬರ್ ಪಕ್ಷದ ಸ್ಥಳೀಯ ಘಟಕದಲ್ಲಿ ಎದ್ದ ಜಗಳದ ಪ್ರಕರಣ, ಜಾನ್ ವಿರುದ್ಧ ರೀಸ್, ನ್ಯಾಯಮೂರ್ತಿ ಮೆಗರಿ ಅವರ ಮುಂದೆ ಬಂದಾಗ ಅವರು ಆ ಅಧಿಕಾರದ ಗಡಿಯನ್ನೂ ಗುರುತಿಸಿದರು. ಅಧ್ಯಕ್ಷರು ಮೊದಲು ಸಭೆಯನ್ನು ಶಾಂತಗೊಳಿಸಲು ಪ್ರಾಮಾಣಿಕ ಪ್ರಯತ್ನ ಮಾಡಬೇಕು. ಮುಂದೂಡುವುದು ಶಿಸ್ತು ತರುವ ಸದುದ್ದೇಶದಿಂದಲೇ ಆಗಿರಬೇಕು, ಬೇಡದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅಲ್ಲ. ಎಷ್ಟು ಹೊತ್ತು ಅಗತ್ಯವೋ ಅಷ್ಟೇ ಹೊತ್ತು. ಹದಿನೈದು ನಿಮಿಷ ಚಹಾಕ್ಕೆ ಬಿಟ್ಟರೆ ತಣ್ಣಗಾಗುವ ಗಲಾಟೆಗೆ ಇಡೀ ಸಭೆಯನ್ನೇ ಬರಖಾಸ್ತು ಮಾಡುವಂತಿಲ್ಲ. ನಿಮ್ಮ ಪತ್ರದಲ್ಲಿ ಮಾತಿಗೆ ಮಾತು ಬೆಳೆಯಿತು ಎಂದಿದೆಯೇ ಹೊರತು ಕುರ್ಚಿ ಹಾರಿತು, ಕೈಕೈ ಮಿಲಾಯಿಸಿದರು ಎಂದಿಲ್ಲ. ಅವರು ಹೋದ ಮೇಲೆ 86 ಮಂದಿ ಕುಳಿತು ಎರಡು ಠರಾವು ಮಾಡಿದ್ದೀರಿ ಎಂದರೆ ಸಭೆ ನಡೆಸಬಹುದಾದ ಸ್ಥಿತಿಯಲ್ಲೇ ಇತ್ತು. ಅಧ್ಯಕ್ಷರ ಆ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಸದುದ್ದೇಶ ಇದ್ದರೂ ಸಾಲದು, ವಿವೇಚನೆಯೂ ಬೇಕು ಎಂಬುದಕ್ಕೆ ಇನ್ನೊಂದು ಪ್ರಕರಣ ನನಗೆ ಬಹಳ ಇಷ್ಟ. 1988ರ ಅಕ್ಟೋಬರಿನಲ್ಲಿ ಲಂಡನ್ ಲೈಫ್ ಅಸೋಸಿಯೇಷನ್ ಎಂಬ ವಿಮಾ ಸಂಸ್ಥೆ ಬಾರ್ಬಿಕನ್ ಕಲಾಕೇಂದ್ರದ ಒಂದು ಸಿನಿಮಾ ಹಾಲಿನಲ್ಲಿ ವಿಶೇಷ ಸಭೆ ಕರೆಯಿತು. ಬಂದ ಸದಸ್ಯರು ಹಾಲಿಗೆ ಹಿಡಿಸಲಿಲ್ಲ. ಪಕ್ಕದ ಕೋಣೆಗಳಲ್ಲಿ ಕೂರಿಸಿ ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಕೈಕೊಟ್ಟಿತು. ಅಧ್ಯಕ್ಷರು ಸಭೆಯನ್ನು ಅದೇ ದಿನ ಮಧ್ಯಾಹ್ನಕ್ಕೆ, ಊರಿನ ಇನ್ನೊಂದು ಕಡೆಯ ಕೆಫೆ ರಾಯಲ್‌ಗೆ ಮುಂದೂಡಿದರು. ಮಧ್ಯಾಹ್ನ ಠರಾವು ಪಾಸಾಯಿತು. ಬೆಳಿಗ್ಗೆ ಬಂದಿದ್ದ ಕೆಲವರಿಗೆ ಮಧ್ಯಾಹ್ನ ಬರಲಾಗಲಿಲ್ಲ, ಪ್ರತಿನಿಧಿಯನ್ನು ಕಳಿಸಲು ವೇಳೆಯೂ ಮೀರಿತ್ತು. ಅಧ್ಯಕ್ಷರು ಪ್ರಾಮಾಣಿಕವಾಗಿಯೇ ನಡೆದುಕೊಂಡರು ಎಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಆದರೂ ಆ ಠರಾವು ಬಿದ್ದುಹೋಯಿತು, ಬರಲಾಗದವರ ಬಗ್ಗೆ ಅವರು ಯೋಚಿಸಲಿಲ್ಲ ಎಂಬ ಕಾರಣಕ್ಕೆ.

ಬರಲಾಗದವರು! ನಿಮ್ಮ ಎರಡನೇ ಠರಾವು ಮುಗ್ಗರಿಸುವುದೂ ಇಲ್ಲೇ.

240ರಲ್ಲಿ 112 ಮಂದಿ ಬಂದರು ಎಂದರೆ 128 ಮಂದಿ ಮನೆಯಲ್ಲಿದ್ದರು. ಅವರು ಯಾಕೆ ಬರಲಿಲ್ಲ? ನೋಟಿಸು ಓದಿ, ವರದಿ ವಾಚನ, ಲೆಕ್ಕಪತ್ರ, ಬಜೆಟ್ಟು, ವಂದನಾರ್ಪಣೆ ಎಂದಿರುವುದನ್ನು ನೋಡಿ, ‘ಇದಕ್ಕೆ ನಾನು ಇಲ್ಲದಿದ್ದರೂ ನಡೆಯುತ್ತದೆ’ ಎಂದುಕೊಂಡರು. ಹಾಗೆ ಅಂದುಕೊಳ್ಳುವ ಹಕ್ಕು ಅವರಿಗಿದೆ. ಅಧ್ಯಕ್ಷರ ಮೇಲೆ ಅವಿಶ್ವಾಸ ಎಂದು ನೋಟಿಸಿನಲ್ಲಿ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಮದುವೆ ಮುಂಜಿ ಬಿಟ್ಟು ಬರುತ್ತಿದ್ದರು, ಕೆಲವರು ಅಧ್ಯಕ್ಷರ ಪರವಾಗಿಯೂ ಬರುತ್ತಿದ್ದರು. ಕಾರ್ಯಸೂಚಿಯಲ್ಲಿ ಇಲ್ಲದ ಮಹತ್ವದ ವಿಷಯವನ್ನು ಸಭೆಯಲ್ಲಿ ಎತ್ತಿ ತೀರ್ಮಾನಿಸುವುದೆಂದರೆ ಆ 128 ಮಂದಿಯ ಬೆನ್ನಹಿಂದೆ ತೀರ್ಮಾನಿಸಿದಂತೆ. ಅಧ್ಯಕ್ಷರು ಎಷ್ಟೇ ತಪ್ಪು ಮಾಡಿರಲಿ, ತಮ್ಮ ಮೇಲಿನ ಆರೋಪ ಏನು, ಅದನ್ನು ಯಾವತ್ತು ಚರ್ಚಿಸುತ್ತಾರೆ ಎಂದು ತಿಳಿಯುವ ಹಕ್ಕು ಅವರಿಗೂ ಇದೆ. ಸಮಿತಿಯ ಠರಾವಿಗೆ ಈ ತೊಡಕಿಲ್ಲ. ಲೆಕ್ಕಪತ್ರ ಕಾರ್ಯಸೂಚಿಯಲ್ಲೇ ಇತ್ತು. ಲೆಕ್ಕವನ್ನು ಒಪ್ಪಬಹುದು, ತಿರಸ್ಕರಿಸಬಹುದು, ಪರಿಶೀಲನೆಗೆ ಒಪ್ಪಿಸಬಹುದು. ಮೂರೂ ಆ ವಿಷಯದ ಒಡಲಿನಿಂದಲೇ ಬರುವಂಥವು.

‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬ ಕೊನೆಯ ಸಾಲು ನಿಮ್ಮ ನೋಟಿಸಿನಲ್ಲೂ ಇದ್ದಿರಬೇಕು. ಅದರ ಅಡಿಯಲ್ಲಿ ಅವಿಶ್ವಾಸವನ್ನು ತರಬಹುದಲ್ಲ ಎಂದು ಕೇಳಬೇಡಿ. ಸಭಾಂಗಣಕ್ಕೆ ಎರಡು ಫ್ಯಾನು ಕೊಳ್ಳುವುದೋ, ತೀರಿಕೊಂಡ ಸದಸ್ಯರಿಗೆ ಶ್ರದ್ಧಾಂಜಲಿಯೋ, ಇಂಥ ಸಣ್ಣಪುಟ್ಟದ್ದಕ್ಕೆ ಆ ಸಾಲು. ಜಾಗ ಮಾರುವುದು, ಬೈಲಾ ತಿದ್ದುವುದು, ಪದಾಧಿಕಾರಿಗಳನ್ನು ಇಳಿಸುವುದು ಅದರೊಳಗೆ ತೂರುವುದಿಲ್ಲ. ಆ ಸಾಲನ್ನು ದುರುಪಯೋಗ ಮಾಡುವವರು ಹೆಚ್ಚಾಗಿ ಆಡಳಿತ ಮಂಡಳಿಯವರೇ. ನಾಳೆ ಅವರು ಹಾಗೆ ಮಾಡಿದಾಗ ನೀವು ಆಕ್ಷೇಪಿಸಬೇಕೆಂದರೆ ಇವತ್ತು ನೀವೂ ಅದನ್ನು ಬಳಸಬಾರದು.

ನೋಟಿಸಿನ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1973ರಲ್ಲಿ ಪರಮೇಶ್ವರಿ ಪ್ರಸಾದ್ ಗುಪ್ತ ಪ್ರಕರಣದಲ್ಲಿ ಎರಡು ಮಾತು ಹೇಳಿದೆ. ಎರಡೂ ನಿಮಗೆ ಬೇಕು. ಒಂದು ಕಂಪನಿಯ ನಿರ್ದೇಶಕ ಮಂಡಳಿ ತನ್ನ ಜನರಲ್ ಮ್ಯಾನೇಜರನ್ನು ತೆಗೆದುಹಾಕುವ ತೀರ್ಮಾನ ಮಾಡಿತು. ಒಬ್ಬ ನಿರ್ದೇಶಕರಿಗೆ ಆ ಸಭೆಯ ನೋಟಿಸು ಹೋಗಿರಲಿಲ್ಲ. ಒಬ್ಬರೇ ಆದರೂ ಸರಿ, ನೋಟಿಸು ಹೋಗದಿದ್ದರೆ ಆ ಸಭೆಯ ತೀರ್ಮಾನ ಊರ್ಜಿತವಲ್ಲ ಎಂದಿತು ನ್ಯಾಯಾಲಯ. ಅದರ ಜೊತೆಗೇ, ಮುಂದೆ ಕ್ರಮಬದ್ಧವಾಗಿ ಕರೆದ ಸಭೆಯಲ್ಲಿ ಹಿಂದಿನ ತೀರ್ಮಾನವನ್ನು ಸ್ಥಿರೀಕರಿಸಿದ್ದರಿಂದ ಅದು ಊರ್ಜಿತವಾಯಿತು ಎಂದೂ ಹೇಳಿತು. ಹಾಗಾಗಿ ನಿಮ್ಮ ಅವಿಶ್ವಾಸ ಠರಾವನ್ನು ಹಿಡಿದುಕೊಂಡು ಕೋರ್ಟಿಗೆ ಓಡಬೇಡಿ. ಬೈಲಾದಲ್ಲಿ ವಿಶೇಷ ಮಹಾಸಭೆ ಕರೆಯಲು ಎಷ್ಟು ಸದಸ್ಯರ ಸಹಿ ಬೇಕೆಂದು ಬರೆದಿರುತ್ತದೆ. ಅಷ್ಟು ಸಹಿ ಹಾಕಿಸಿ, ವಿಷಯವನ್ನು ಸ್ಪಷ್ಟವಾಗಿ ನಮೂದಿಸಿ, ಕೋರಿಕೆ ಪತ್ರ ಕೊಟ್ಟು, ಮತ್ತೆ ಮತಕ್ಕೆ ಹಾಕಿ. ಸಮಿತಿಯ ವರದಿಯೂ ಅಷ್ಟರಲ್ಲಿ ಬಂದಿದ್ದರೆ ಸದಸ್ಯರು ಸಿಟ್ಟಿನಿಂದಲ್ಲ, ದಾಖಲೆ ನೋಡಿ ಮತ ಹಾಕುತ್ತಾರೆ.

ಈಗ ಕೋರಂ. ನಿಮ್ಮ ಬೈಲಾ ಪ್ರಕಾರ 80 ಮಂದಿ ಬೇಕಿತ್ತು, ಅಧ್ಯಕ್ಷರು ಹೋದ ಮೇಲೂ 86 ಮಂದಿ ಇದ್ದಿರಿ. ಇನ್ನೂ ಏಳು ಮಂದಿ ಎದ್ದಿದ್ದರೆ ನಿಮ್ಮ ಮೊದಲನೇ ಠರಾವೂ ಸಂಶಯಕ್ಕೆ ಬೀಳುತ್ತಿತ್ತು. ಸಭೆ ಮುರಿಯಬೇಕೆಂದಿರುವವರು ಎದ್ದುಹೋಗುವುದು ಬರೀ ಕೋಪದಿಂದಲ್ಲ ಎಂಬುದನ್ನು ನೆನಪಿಡಿ. ಎಷ್ಟು ಮಂದಿ ಉಳಿದಿದ್ದೀರಿ ಎಂದು ಆ ಕ್ಷಣವೇ ತಲೆ ಎಣಿಸಿ ಬರೆದಿಡುವುದು ಎಲ್ಲಕ್ಕಿಂತ ಮುಖ್ಯ.

ಕೋರಂ ಎಷ್ಟಿರಬೇಕು ಎನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಸಂವಿಧಾನದ 189ನೇ ವಿಧಿ ನಮ್ಮ ವಿಧಾನಸಭೆಗೆ ಹತ್ತು ಸದಸ್ಯರು ಅಥವಾ ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ, ಇವೆರಡರಲ್ಲಿ ಹೆಚ್ಚಿನದನ್ನು ಇಟ್ಟಿದೆ. 2013ರ ಕಂಪನಿ ಕಾಯ್ದೆಯಲ್ಲಿ ಸಾವಿರದವರೆಗೆ ಸದಸ್ಯರಿರುವ ಸಾರ್ವಜನಿಕ ಕಂಪನಿಗೆ ಐದೇ ಮಂದಿ ಸಾಕು. ಅಲ್ಲಿ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದಿನ ವಾರದ ಅದೇ ದಿನಕ್ಕೆ ಹೋಗುತ್ತದೆ. ನಮ್ಮ ಸಂಘಗಳ ನೋಟಿಸಿನಲ್ಲಾದರೆ ‘ಕೋರಂ ಆಗದಿದ್ದಲ್ಲಿ ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಸಭೆ ನಡೆಸಲಾಗುವುದು’ ಎಂದು ಅಚ್ಚಾಗಿಯೇ ಬಂದಿರುತ್ತದೆ. ಬೈಲಾ ಹಾಗೆ ಹೇಳಿದ್ದರೆ ಅದಕ್ಕೆ ಬಲವಿದೆ, ಬೈಲಾದಲ್ಲಿ ಇಲ್ಲದೆ ನೋಟಿಸಿನಲ್ಲಿ ಮಾತ್ರ ಇದ್ದರೆ ಇಲ್ಲ. ನನ್ನನ್ನು ಕೇಳಿದರೆ ಈ ಅರ್ಧ ಗಂಟೆಯ ಪದ್ಧತಿಯೇ ಕೋರಂ ಎಂಬುದನ್ನು ಅರ್ಥವಿಲ್ಲದ್ದಾಗಿ ಮಾಡಿದೆ. ಮೂವತ್ತು ಮಂದಿ ಉಪ್ಪಿಟ್ಟು ತಿಂದು ಬಂದು ಕುಳಿತು ಮುನ್ನೂರು ಮಂದಿಯ ಆಸ್ತಿಯ ಬಗ್ಗೆ ತೀರ್ಮಾನಿಸುವುದು ಯಾವ ನ್ಯಾಯ? ಬೈಲಾ ತಿದ್ದುವ ಅವಕಾಶ ಸಿಕ್ಕಾಗ ಅದನ್ನು ಒಂದು ವಾರಕ್ಕೆ ಏರಿಸಿ.

ಕೋರಂ ಕಟ್ಟಳೆ ಏಕೆ ಬೇಕು ಎನ್ನುವುದಕ್ಕೆ 1876ರ ಶಾರ್ಪ್ ವಿರುದ್ಧ ಡಾವ್ಸ್ ಪ್ರಕರಣ ಇದೆ. ಗ್ರೇಟ್ ಕ್ಯಾರಡನ್ ಎಂಬ ಗಣಿ ಕಂಪನಿಯ ಷೇರುದಾರರ ಸಭೆಗೆ ಬಂದದ್ದು ಒಬ್ಬನೇ ಷೇರುದಾರ. ಜೊತೆಗೆ ಷೇರುದಾರನಲ್ಲದ ಕಾರ್ಯದರ್ಶಿ. ಆ ಒಬ್ಬನೇ ಅಧ್ಯಕ್ಷನಾಗಿ, ಲೆಕ್ಕ ಒಪ್ಪಿ, ಷೇರುದಾರರೆಲ್ಲ ಇಂತಿಷ್ಟು ಹಣ ಕಟ್ಟಬೇಕೆಂದು ಠರಾವು ಮಾಡಿದ. ಅಧ್ಯಕ್ಷರಿಗೆ ವಂದನೆಯನ್ನೂ ಅಂಗೀಕರಿಸಿದ. ಒಬ್ಬ ಮನುಷ್ಯ ಸಭೆಯಾಗಲಾರ ಎಂದು ನ್ಯಾಯಾಲಯ ಹಣ ವಸೂಲಿಗೆ ತಡೆ ಹಾಕಿತು.

ಅದೇ 1876ರಲ್ಲಿ ಅಮೆರಿಕದಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ಸಭೆ ನಡೆಸುವ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದ. 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಚರ್ಚಿನಲ್ಲಿ ಅವನನ್ನು ಇದ್ದಕ್ಕಿದ್ದಂತೆ ಸಭೆಯ ಅಧ್ಯಕ್ಷತೆಗೆ ಕೂರಿಸಿದ್ದರಂತೆ. ಸಭೆ ಕೈಮೀರಿತು. ಆ ಮುಜುಗರದಲ್ಲಿ ಹುಟ್ಟಿದ ‘ರಾಬರ್ಟ್ಸ್ ರೂಲ್ಸ್’ ಇವತ್ತಿಗೂ ಅಮೆರಿಕದ ಸಂಘಗಳ ಕೈದೀವಿಗೆ. ಅಲ್ಲಿನ ಎಷ್ಟೋ ಸಂಘಗಳು ತಮ್ಮ ಬೈಲಾ ಸುಮ್ಮನಿದ್ದಲ್ಲಿ ಅದನ್ನೇ ಅನುಸರಿಸುವುದಾಗಿ ಬರೆದುಕೊಂಡಿರುತ್ತವೆ. ಹಾಗಂತ ಇದೆಲ್ಲ ಪಶ್ಚಿಮದಿಂದ ಬಂದದ್ದು ಎಂದುಕೊಳ್ಳಬೇಕಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ ಅಂಬೇಡ್ಕರ್ ಅವರು ಬೌದ್ಧ ಸಂಘಗಳಲ್ಲಿ ಆಸನ ವ್ಯವಸ್ಥೆ, ಪ್ರಸ್ತಾವ, ಠರಾವು, ಕೋರಂ, ಮತ ಎಣಿಕೆ ಎಲ್ಲಕ್ಕೂ ನಿಯಮವಿತ್ತು ಎಂದು ನೆನಪಿಸಿದ್ದರು. ವಿನಯಪಿಟಕದಲ್ಲಿ ಯಾವ ಕಾರ್ಯಕ್ಕೆ ನಾಲ್ಕು, ಯಾವುದಕ್ಕೆ ಐದು, ಹತ್ತು, ಇಪ್ಪತ್ತು ಭಿಕ್ಷುಗಳು ಇರಬೇಕೆಂಬುದು ಸ್ಪಷ್ಟವಾಗಿದೆ. ಕೆಲವು ಪ್ರಸ್ತಾವಗಳನ್ನು ಮೂರು ಸಲ ಓದಿ ಹೇಳಬೇಕಿತ್ತು. ನಮ್ಮಲ್ಲಿ ಒಂದು ಸಲ ಗಡಿಬಿಡಿಯಲ್ಲಿ ಓದಿ, ಯಾರೋ ಇಬ್ಬರು ಚಪ್ಪಾಳೆ ತಟ್ಟಿದರೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದುಬಿಡುತ್ತಾರೆ.

ಬರೆಯುವ ವಿಷಯಕ್ಕೆ ಬಂದೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ನಡಾವಳಿ ಪುಸ್ತಕ ಹೊರಗೆ ಹೋದದ್ದು. ಎಷ್ಟೋ ಸಂಘಗಳಲ್ಲಿ ಬಾಗಿಲಲ್ಲೇ ಪುಸ್ತಕ ಇಟ್ಟು, ಸಭೆ ಶುರುವಾಗುವ ಮೊದಲೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮೇಲೆ ಅರ್ಧ ಪುಟ ಬಿಟ್ಟಿರುತ್ತಾರೆ. ಸಭೆಯಾಗಿ ಹದಿನೈದು ದಿನಕ್ಕೆ ಆ ಅರ್ಧ ಪುಟ ತುಂಬುತ್ತದೆ, ಕೆಳಗಿರುವ ನಿಮ್ಮ ಸಹಿ ಅದಕ್ಕೆಲ್ಲ ಒಪ್ಪಿಗೆಯಂತೆ ಕಾಣುತ್ತದೆ. ಹಾಜರಿಗೆ ಬೇರೆ ಪುಸ್ತಕ, ನಡಾವಳಿಗೆ ಬೇರೆ ಪುಸ್ತಕ ಇರಲೇಬೇಕು. ಹಾಳೆಗಳಿಗೆ ಪುಟಸಂಖ್ಯೆ ಅಚ್ಚಾಗಿರಬೇಕು. ನಿಮ್ಮ 112 ಸಹಿಗಳು ಯಾವ ಪುಸ್ತಕದಲ್ಲಿವೆ ಎಂದು ಇವತ್ತೇ ವಿಚಾರಿಸಿ.

ಪುಸ್ತಕ ಕೈಯಲ್ಲಿಲ್ಲದಿದ್ದರೂ ನಡಾವಳಿ ಬರೆಯಲು ಅಡ್ಡಿಯಿಲ್ಲ. ಬಿಳಿ ಹಾಳೆಯಲ್ಲೇ ಬರೆಯಿರಿ. ಅಧ್ಯಕ್ಷರು ಎಷ್ಟು ಗಂಟೆಗೆ, ಯಾವ ಕಾರಣ ಹೇಳಿ ಎದ್ದರು. ಆ ಹೊತ್ತಿಗೆ ಯಾವ ವಿಷಯ ಚರ್ಚೆಯಲ್ಲಿತ್ತು. ಎಷ್ಟು ಮಂದಿ ಉಳಿದರು. ಹೊಸ ಅಧ್ಯಕ್ಷರ ಹೆಸರನ್ನು ಯಾರು ಸೂಚಿಸಿದರು, ಯಾರು ಅನುಮೋದಿಸಿದರು. ಸಮಿತಿಯ ಠರಾವಿಗೆ ಪರ ಎಷ್ಟು, ವಿರೋಧ ಎಷ್ಟು, ತಟಸ್ಥ ಎಷ್ಟು ಎಂಬುದೆಲ್ಲ ಇರಲಿ. ‘ಅಧ್ಯಕ್ಷರು ಪಲಾಯನ ಮಾಡಿದರು’ ಎಂಬಂಥ ಮಾತು ಬೇಡ, ‘ಸಭೆಯಿಂದ ನಿರ್ಗಮಿಸಿದರು’ ಸಾಕು. ಪ್ರತಿ ಹಾಳೆಗೂ ಆ ದಿನ ಕುರ್ಚಿಯಲ್ಲಿ ಕುಳಿತವರು ಸಹಿ ಮಾಡಲಿ, 86 ಮಂದಿಯ ಸಹಿ ಕೊನೆಗೆ ಬರಲಿ. ಇನ್ನೊಂದು ವಿಷಯ ನೀವು ಬರೆದಿಲ್ಲ: ಉಪಾಧ್ಯಕ್ಷರು ಅಲ್ಲಿದ್ದರೇ? ಬೈಲಾದಲ್ಲಿ ಅಧ್ಯಕ್ಷರ ಗೈರಿನಲ್ಲಿ ಉಪಾಧ್ಯಕ್ಷರು ಎಂದಿದ್ದು, ಅವರು ಸಭೆಯಲ್ಲೇ ಉಳಿದಿದ್ದರೆ ಕುರ್ಚಿ ಮೊದಲು ಅವರಿಗೆ ಸಲ್ಲಬೇಕಿತ್ತು. ಅವರನ್ನು ಕೇಳಿದ್ದು, ಅವರು ಒಲ್ಲೆ ಎಂದದ್ದು ನಡಾವಳಿಯಲ್ಲಿ ಬರಬೇಕು.

ಸಮಿತಿಯ ಠರಾವು ಎಷ್ಟು ಮತಗಳಿಂದ ಪಾಸಾಯಿತೋ ನಿಮ್ಮ ಪತ್ರದಲ್ಲಿಲ್ಲ. ಸಮಸಮ ಆಗಿ ಹಿರಿಯರು ನಿರ್ಣಾಯಕ ಮತ ಹಾಕಿದ್ದರೆ ಮತ್ತೊಂದು ಮುಳ್ಳಿದೆ: ಆ ಎರಡನೇ ಮತ ಬೈಲಾ ಅಥವಾ ಕಾಯ್ದೆ ಕೊಟ್ಟರೆ ಮಾತ್ರ ಉಂಟು, ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಬರುವುದಿಲ್ಲ.

ಕಾರ್ಯದರ್ಶಿಗಳು ಪುಸ್ತಕವನ್ನೂ ರಸೀದಿಗಳನ್ನೂ ಸಮಿತಿಗೆ ಕೊಡದೆ ಸತಾಯಿಸಿದರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಬಾಗಿಲು ತಟ್ಟಬೇಕು. 1960ರ ಕಾಯ್ದೆಯ 25ನೇ ಕಲಂ ಅವರಿಗೆ ಸಂಘದ ರಚನೆ, ಕೆಲಸಕಾರ್ಯ, ಹಣಕಾಸು ಸ್ಥಿತಿಯ ಬಗ್ಗೆ ವಿಚಾರಣೆ ನಡೆಸುವ ಅಧಿಕಾರ ಕೊಟ್ಟಿದೆ. ಅದನ್ನು ಅವರು ಸ್ವಯಂಪ್ರೇರಣೆಯಿಂದ ಮಾಡಬಹುದು. ಆಡಳಿತ ಮಂಡಳಿಯ ಬಹುಮತದವರು, ಇಲ್ಲವೇ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆ ಇಲ್ಲದಷ್ಟು ಮಂದಿ ಅರ್ಜಿ ಕೊಟ್ಟೂ ಕೇಳಬಹುದು. ನಿಮ್ಮ ಸಂಘದಲ್ಲಿ ಅದಕ್ಕೆ 80 ಸಹಿ ಬೇಕು. ಆ ದಿನ ಕೊನೆಯವರೆಗೆ ಕುಳಿತವರು 86 ಮಂದಿ. ನಡಾವಳಿಯ ಹಾಳೆಗೆ ಸಹಿ ಹಾಕಿಸಲು ಮನೆಮನೆಗೆ ಹೋಗುವಾಗ ಅರ್ಜಿಯ ಪ್ರತಿಯನ್ನೂ ಜೊತೆಗೆ ಒಯ್ಯಿರಿ. ಬಾಕಿ ಚಂದಾ ಇರುವವರು ಮೊದಲು ಚಂದಾ ಕಟ್ಟಿ ರಸೀದಿ ಪಡೆಯಲಿ, ಇಲ್ಲದಿದ್ದರೆ ಅವರ ಸಹಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ತಕರಾರು ಬಂದೇ ಬರುತ್ತದೆ.